ದಡದಿಂದ ಇಳಿಯುವುದೋ, ದೋಣಿ ಹತ್ತುವುದೋ?

ಸಮುದ್ರ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಮಲ್ಪೆಯಲ್ಲೋ ಮುರುಡೇಶ್ವರದಲ್ಲೋ ಬುರ್ಖಾದ ಅಂಚನ್ನು ಒಂದು ಗೇಣು ಎತ್ತಿ ಹಿಡಿದು, ಅಲೆ ಬಂದ ಕೂಡಲೇ ನಗುತ್ತಾ ಹಿಂದಕ್ಕೆ ಓಡಿದ್ದು ಅಲ್ಲವೇ? ನನಗೂ ಸಮುದ್ರ ಅಷ್ಟೇ ಗೊತ್ತಿತ್ತು. ನಾನು ಶಿವಮೊಗ್ಗ ಕಡೆಯವಳು. ತುಂಗಾ ನದಿಯಲ್ಲಿ ಮೊಣಕಾಲಿನ ತನಕ ಇಳಿದದ್ದೇ ನನ್ನ ದೊಡ್ಡ ಸಾಹಸ. ಅಂಥವಳು 2023ರಲ್ಲಿ, ಈದುಲ್ ಫಿತ್ರ್ ಮುಗಿದ ವಾರದಲ್ಲಿ, ಮಾಲ್ಡೀವ್ಸ್‌ನ ಸಮುದ್ರದೊಳಗೆ ಮುಖವಿಟ್ಟು ನೋಡಿ ಬಂದೆ.

ಮಾಲ್ಡೀವ್ಸ್ ಎಂದರೆ ಸಿನಿಮಾ ತಾರೆಯರು ಹೋಗುವ ಜಾಗ, ನಮ್ಮಂಥವರಿಗಲ್ಲ ಎಂದು ನೀವು ಅಂದುಕೊಂಡಿರಬಹುದು. ಲಕ್ಷಗಟ್ಟಲೆ ಖರ್ಚಾಗುವ ರೆಸಾರ್ಟ್‌ಗಳು ಅಲ್ಲಿವೆ, ನಿಜ. ಆದರೆ 2009-10ರ ಸುಮಾರಿಗೆ ಅಲ್ಲಿನ ಸರಕಾರ ಜನವಸತಿ ಇರುವ ದ್ವೀಪಗಳಲ್ಲೂ ಗೆಸ್ಟ್ ಹೌಸ್ ನಡೆಸಲು ಅವಕಾಶ ಕೊಟ್ಟಿತು. ಆಮೇಲೆ ಮಧ್ಯಮ ವರ್ಗದವರಿಗೂ ದಾರಿ ತೆರೆಯಿತು. ಬೆಂಗಳೂರಿನಿಂದ ವಿಮಾನದಲ್ಲಿ ಎರಡು ಗಂಟೆಯ ಹಾದಿ. ನನ್ನ ಮೈದುನ ಮಾಲೆಯಲ್ಲಿ ಶಾಲಾ ಶಿಕ್ಷಕ. ಐದು ವರ್ಷದಿಂದ ಕರೆಯುತ್ತಿದ್ದ. ಯಜಮಾನರು, ಕಾಲೇಜಿನಲ್ಲಿರುವ ಮಗ, ಒಂಬತ್ತನೇ ತರಗತಿಯ ಮಗಳು, ನಾನು, ಜೊತೆಗೆ ಮೈದುನ ಮತ್ತು ಅವನ ಹೆಂಡತಿ, ಹೀಗೆ ಆರು ಮಂದಿ ಮಾಲೆಯಿಂದ ಸ್ಪೀಡ್ ಬೋಟ್ ಹತ್ತಿ ಉಕುಳಾಸ್ ಎಂಬ ಪುಟ್ಟ ದ್ವೀಪಕ್ಕೆ ಹೋದೆವು.

ಊರ ಮಸೀದಿಯ ಅಝಾನ್ ಕೇಳುವ ಮನೆಯಲ್ಲಿ ವಾಸ, ಊಟದಲ್ಲಿ ಹಲಾಲ್ ಹರಾಮ್‌ನ ಚಿಂತೆಯಿಲ್ಲ, ಊರಿನಲ್ಲಿ ಮದ್ಯ ಸಿಗುವುದಿಲ್ಲ. ವಿದೇಶಿ ಪ್ರವಾಸಿಗರ ಈಜು ಉಡುಪಿಗೆ ಬೇರೆಯೇ ಒಂದು ಕಡಲತೀರ ಬಿಟ್ಟುಕೊಟ್ಟಿದ್ದಾರೆ. ಉಳಿದ ಕಡೆ ಊರಿನ ಹೆಂಗಸರು ಮೈತುಂಬ ಬಟ್ಟೆಯಲ್ಲೇ ನೀರಿಗೆ ಇಳಿಯುತ್ತಾರೆ. 1343ರಲ್ಲಿ ಇಲ್ಲಿಗೆ ಬಂದು ಖಾಝಿಯಾಗಿದ್ದ ಇಬ್ನ್ ಬತೂತ, ಇಲ್ಲಿನ ಹೆಂಗಸರ ಉಡುಪನ್ನು ತಿದ್ದಲು ಹೋಗಿ ಸೋತೆನೆಂದು ಬರೆದುಕೊಂಡಿದ್ದಾರೆ. ಮದ್ರಸಾದ ದಿನಗಳಲ್ಲಿ ಅವರ ಪ್ರವಾಸ ಕಥನ ಓದುವಾಗ ಆ ಭಾಗಕ್ಕೆ ನಾವು ಹುಡುಗಿಯರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕಿದ್ದೆವು. ಇಂದಿನ ಉಕುಳಾಸ್‌ನ ಬೀದಿ ಕಂಡಿದ್ದರೆ ಆ ಖಾಝಿ ಸಾಹೇಬರು ಏನೆನ್ನುತ್ತಿದ್ದರೋ!

ಇನ್ನು ವಿಷಯಕ್ಕೆ ಬರುತ್ತೇನೆ. ಅಲ್ಲಿಗೆ ಹೋದವರೆಲ್ಲ ನೀರಿನೊಳಗಿನ ಹವಳದ ಲೋಕವನ್ನು ನೋಡಲೆಂದೇ ಹೋಗುತ್ತಾರೆ. ಅದಕ್ಕೆ ಎರಡು ದಾರಿ. ಒಂದು, ದಡದಿಂದ ನಡೆದುಕೊಂಡೇ ನೀರಿಗಿಳಿದು, ದ್ವೀಪವನ್ನು ಸುತ್ತುವರಿದ ಹವಳದ ದಂಡೆಯವರೆಗೆ ನಾವೇ ಹೋಗುವುದು. ಇದಕ್ಕೆ ‘ಹೌಸ್ ರೀಫ್’ ಎನ್ನುತ್ತಾರೆ, ಮನೆಯ ಹಿತ್ತಲಿನ ತೋಟವಿದ್ದ ಹಾಗೆ. ಇನ್ನೊಂದು, ಹಣ ಕೊಟ್ಟು ದೋಣಿ ಹತ್ತಿ, ಗೈಡ್ ಜೊತೆ ನಡುಗಡಲಿನ ಜಾಗಗಳಿಗೆ ಹೋಗಿ ಅಲ್ಲಿ ಮುಳುಗುವುದು. ನನ್ನಂತೆ ಮುಖವಾಡ ಮತ್ತು ಉಸಿರಾಟದ ಕೊಳವೆ ಹಾಕಿಕೊಂಡು ಮೇಲೆಯೇ ತೇಲುವವರಿಗೂ ಈ ಪ್ರಶ್ನೆ ಇದೆ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವವರಿಗೂ ಇದೆ.

ನಮ್ಮ ಮನೆಯಲ್ಲಿ ಇದು ಜಗಳವಾಗಿಯೇ ಬಂತು. ಮಗ ಹಿಂದಿನ ವರ್ಷ ಮುರುಡೇಶ್ವರದಲ್ಲಿ ಡೈವಿಂಗ್ ಕಲಿತು, 18 ಮೀಟರ್ ಆಳದವರೆಗೆ ಇಳಿಯುವ ಸರ್ಟಿಫಿಕೇಟ್ ಪಡೆದಿದ್ದ. ನಮ್ಮ ಕರಾವಳಿಯಲ್ಲಿ ನದಿಗಳ ಮಣ್ಣಿನಿಂದ ದಡದ ಬಳಿ ನೀರು ಮಬ್ಬು. ಆದ್ದರಿಂದ ದೋಣಿಯಲ್ಲಿ ಹತ್ತೊಂಬತ್ತು ಕಿಲೋಮೀಟರ್ ದೂರದ ನೇತ್ರಾಣಿಗೆ ಹೋಗಿಯೇ ಮುಳುಗಬೇಕು. ಇಲ್ಲಿ ಗೆಸ್ಟ್ ಹೌಸ್‌ನಿಂದ ಐದು ನಿಮಿಷ ನಡೆದರೆ ಗಾಜಿನಂಥ ನೀರು! “ಅಮ್ಮಿ, ದೋಣಿಗೆ ಯಾಕೆ ದುಡ್ಡು ಸುರಿಯಬೇಕು? ನಾನು ಮತ್ತು ಚಾಚಾ ದಡದಿಂದಲೇ ಇಳಿಯುತ್ತೇವೆ” ಎಂದು ಹಠ ಹಿಡಿದ. ಮೈದುನನಿಗೂ ಡೈವಿಂಗ್ ಅನುಭವವಿದೆ. ನಾವು ವಿಚಾರಿಸಿದಾಗ ಸಲಕರಣೆ ಸಹಿತ ಒಂದು ಮುಳುಗಿಗೆ ಸುಮಾರು 60 ಡಾಲರ್, ದೋಣಿಯ ಬಾಡಿಗೆ ಬೇರೆ ಎಂದರು. ಇಬ್ಬರಿಗೆ ಎರಡೆರಡು ಮುಳುಗು ಎಂದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಯಜಮಾನರು “ನೀನೇ ತೀರ್ಮಾನಿಸು” ಎಂದು ಪತ್ರಿಕೆ ಬಿಡಿಸಿ ಕುಳಿತರು. ಕಷ್ಟದ ತೀರ್ಮಾನಗಳೆಲ್ಲ ನಮ್ಮ ಪಾಲಿಗೆ ಬರುವುದು ಹೀಗೆಯೇ ಅಲ್ಲವೇ?

ಮೈದುನ ಒಂದು ಮಾತು ಹೇಳಿದ. ಕೆರಿಬಿಯನ್ ಸಮುದ್ರದಲ್ಲಿ ಬೊನೇರ್ ಎಂಬ ದ್ವೀಪವಿದೆಯಂತೆ, ನೆದರ್ಲ್ಯಾಂಡ್ಸ್‌ಗೆ ಸೇರಿದ್ದು. ದಡದಿಂದ ಸ್ವತಂತ್ರವಾಗಿ ಮುಳುಗುವವರ ತವರೂರು ಅದು. ಅಲ್ಲಿ ವರ್ಷವಿಡೀ ಗಾಳಿ ಪೂರ್ವದಿಂದ ಬೀಸುವುದರಿಂದ ಪಶ್ಚಿಮದ ಕರೆ ಕೆರೆಯಂತೆ ಶಾಂತ. ರಸ್ತೆ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳ ಮೇಲೆ ಒಂದೊಂದು ಜಾಗದ ಹೆಸರು ಬರೆದಿರುತ್ತಾರೆ. ಜನ ಪಿಕಪ್ ಗಾಡಿಯಲ್ಲಿ ಸಿಲಿಂಡರ್ ಹೇರಿಕೊಂಡು, ಬೇಕಾದ ಕಲ್ಲಿನ ಬಳಿ ನಿಲ್ಲಿಸಿ, ಇಬ್ಬಿಬ್ಬರಾಗಿ ಇಳಿದು ಬರುತ್ತಾರೆ. ಗೈಡ್ ಇಲ್ಲ, ಗಡಿಬಿಡಿ ಇಲ್ಲ. ಆದರೆ ಅಲ್ಲೂ ಹೊಸಬರು ಮೊದಲು ಒಂದು ಪರೀಕ್ಷಾ ಮುಳುಗು ಮಾಡಲೇಬೇಕು.

“ಹಾಗಾದರೆ ಇಲ್ಲಿಯೂ ಹಾಗೆಯೇ ಮಾಡಬಹುದಲ್ಲ?” ಎಂದೆ.

“ಇಲ್ಲಿನ ಸಮುದ್ರ ಬೇರೆ ಭಾಭಿ” ಎಂದು ಅವನು ಮರಳಿನ ಮೇಲೆ ಬೆರಳಿನಿಂದ ಒಂದು ಉಂಗುರ ಬರೆದ. ಮಾಲ್ಡೀವ್ಸ್‌ನ ಸುಮಾರು ಸಾವಿರದ ಇನ್ನೂರು ದ್ವೀಪಗಳು ಹೀಗೆ ಉಂಗುರ ಉಂಗುರವಾಗಿ ನಿಂತಿವೆ. ಈ ಉಂಗುರಕ್ಕೆ ಇಲ್ಲಿನ ದಿವೇಹಿ ಭಾಷೆಯಲ್ಲಿ ‘ಅತೊಳು’ ಎನ್ನುತ್ತಾರೆ. ಇಂಗ್ಲಿಷಿನ ‘ಅಟಾಲ್’ ಹುಟ್ಟಿದ್ದು ಇದರಿಂದಲೇ. ಉಂಗುರದಲ್ಲಿ ಅಲ್ಲಲ್ಲಿ ಬಾಗಿಲುಗಳಿವೆ, ಅವು ‘ಕಂಡು’. ಹಿಂದೂ ಮಹಾಸಾಗರದ ನೀರು ಈ ಬಾಗಿಲುಗಳಿಂದ ಒಳಗೆ ನುಗ್ಗುತ್ತದೆ, ಹೊರಗೆ ಹೋಗುತ್ತದೆ. ಉಬ್ಬರ ಇಳಿತಕ್ಕೆ ತಕ್ಕಂತೆ, ಮಾನ್ಸೂನಿಗೆ ತಕ್ಕಂತೆ ಸೆಳೆತದ ದಿಕ್ಕು ಬದಲಾಗುತ್ತದೆ. ಬೆಳಿಗ್ಗೆ ಎಡಕ್ಕೆ ಹರಿದ ನೀರು ಸಂಜೆ ಬಲಕ್ಕೆ ಹರಿಯಬಹುದು. ಉಂಗುರದ ಒಳಗೆ ನೀರಿನಡಿಯಲ್ಲೇ ಎದ್ದು ನಿಂತ ಹವಳದ ಗುಡ್ಡಗಳೂ ಇವೆ, ಅವು ‘ತಿಲ’. ದೊಡ್ಡ ಮೀನುಗಳೆಲ್ಲ ಸೇರುವುದು ಕಂಡು ಮತ್ತು ತಿಲಗಳಲ್ಲಿ. ಅಲ್ಲಿಗೆ ದಡದಿಂದ ದಾರಿಯಿಲ್ಲ.

ಈ ಪಾಠ ನನ್ನ ತಲೆಗೆ ಹೋಯಿತು, ಕಾಲಿಗೆ ಹೋಗಲಿಲ್ಲ. ಮರುದಿನ ಫಜ್ರ್ ಆದ ಮೇಲೆ ನಾನು, ಮಗಳು ಮತ್ತು ಓರಗಿತ್ತಿ, ಮೂವರೇ ದಡದಿಂದ ಇಳಿದೆವು. ಲೈಫ್ ಜಾಕೆಟ್ ಇತ್ತು. ಇಲ್ಲೊಂದು ಕಿವಿಮಾತು: ಹತ್ತಿಯ ಚೂಡಿದಾರದಲ್ಲಿ ಇಳಿಯಬೇಡಿ. ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೈತುಂಬ ಮುಚ್ಚುವ, ನೀರು ಹೀರದ ಈಜು ಉಡುಪು ಈಗ ನಮ್ಮ ಪೇಟೆಗಳಲ್ಲೂ ಸಿಗುತ್ತದೆ, ತಲೆಗೆ ಅಂಟಿ ಕೂರುವ ಟೋಪಿ ಸಹಿತ. ಸಡಿಲ ಸ್ಕಾರ್ಫ್ ಮುಖವಾಡದ ಅಂಚಿಗೆ ಸಿಕ್ಕಿದರೆ ನೀರು ಒಳಗೆ ಬರುತ್ತದೆ, ನನಗೆ ಮೊದಲ ಹತ್ತು ನಿಮಿಷ ಅದೇ ಗೋಳು.

ಮುಖವನ್ನು ನೀರಿಗೆ ಇಟ್ಟ ಆ ಕ್ಷಣವನ್ನು ಹೇಗೆ ಹೇಳಲಿ! ಸೊಂಟದ ಎತ್ತರದ ನೀರಿನಲ್ಲೇ ಹಳದಿ ಪಟ್ಟೆಯ ಮೀನುಗಳ ಹಿಂಡು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಓಡಾಡುತ್ತಿತ್ತು. ಗಿಳಿಮೀನು ಹವಳವನ್ನು ಕಡಿಯುವ ಕಟಕಟ ಸದ್ದು ಕಿವಿಗೆ ಕೇಳಿಸುತ್ತದೆ. ಅದು ಕಡಿದು ಹೊರಹಾಕಿದ ಪುಡಿಯಿಂದಲೇ ಆ ಬಿಳಿ ಮರಳಿನ ದೊಡ್ಡ ಪಾಲು ಆಗಿದೆಯಂತೆ. ಸ್ವಲ್ಪ ಮುಂದೆ ಒಂದು ಆಮೆ, ಅಜ್ಜಿಯೊಬ್ಬಳು ಸೊಪ್ಪು ಬಿಡಿಸುವಷ್ಟು ನಿಧಾನವಾಗಿ ಮೇಯುತ್ತಿತ್ತು. ಮಗಳು ನನ್ನ ಕೈ ಹಿಂಡಿದಳು. ಅಲ್ಲಲ್ಲಿ ಬೂದಿ ಬಣ್ಣದ ಸತ್ತ ಹವಳದ ರಾಶಿಗಳೂ ಇದ್ದವು. 1998ರಲ್ಲಿ ಮತ್ತು 2016ರಲ್ಲಿ ಸಮುದ್ರದ ನೀರು ಬಿಸಿಯಾಗಿ ಇಲ್ಲಿನ ಹವಳ ಬಿಳುಚಿಕೊಂಡು ಬಹಳಷ್ಟು ಸತ್ತಿತು.

ಆಮೆಯ ಹಿಂದೆ ಎಷ್ಟು ಹೊತ್ತು ಹೋದೆವೋ ತಿಳಿಯದು. ತಲೆ ಎತ್ತಿ ನೋಡಿದರೆ ನಾವು ಇಳಿದ ಜಾಗದ ಕೊಡೆ ಬೆರಳಿನುದ್ದಕ್ಕೆ ಕಾಣುತ್ತಿತ್ತು! ನಾವು ಈಜಿದ್ದಲ್ಲ, ನೀರೇ ನಮ್ಮನ್ನು ಒಯ್ದಿತ್ತು. ಹಿಂದಿರುಗಲು ಕಾಲು ಬಡಿದೆವು. ಐದು ನಿಮಿಷ ಬಡಿದರೂ ಕೆಳಗಿನ ಅದೇ ಬಂಡೆ ಅಲ್ಲೇ ಇತ್ತು. ದಡ ನೂರು ಗಜವೂ ಇಲ್ಲ, ಆದರೆ ನಡುವೆ ಇಳಿತದಿಂದ ನೀರು ಕಡಿಮೆಯಾಗಿ ಹವಳದ ಮೊನೆಗಳು ತಲೆ ಎತ್ತಿದ್ದವು. ಓರಗಿತ್ತಿ ಅಳಲು ಶುರು ಮಾಡಿದಳು. ಅಷ್ಟರಲ್ಲಿ ದಡದಲ್ಲಿ ಕಸ ಗುಡಿಸುತ್ತಿದ್ದ ಊರಿನ ಹೆಂಗಸೊಬ್ಬಳು ಪೊರಕೆ ಎತ್ತಿ, ಎದುರಿಗೆ ಬರಬೇಡಿ, ನೀರಿನ ಜೊತೆಗೇ ಮುಂದೆ ಹೋಗಿ ಎಂದು ಕೈಸನ್ನೆ ಮಾಡಿದಳು. ಹಾಗೆಯೇ ತೇಲಿದೆವು. ಇನ್ನೂರು ಗಜ ಮುಂದೆ ಹವಳದ ನಡುವೆ ಮರಳಿನ ಓಣಿ ಸಿಕ್ಕಿತು. ನನ್ನ ಮೊಣಕಾಲು ಗೀರಿದ್ದು ಬಿಟ್ಟರೆ ಅಲ್‌ಹಮ್ದುಲಿಲ್ಲಾಹ್, ಏನೂ ಆಗಲಿಲ್ಲ. ಆಕೆ ನಮಗೆ ಎಳನೀರು ಕೊಟ್ಟು, ತನ್ನ ಭಾಷೆಯಲ್ಲಿ ಚೆನ್ನಾಗಿ ಬೈದಳು. ಒಂದು ಶಬ್ದ ತಿಳಿಯದಿದ್ದರೂ ಪೂರ್ತಿ ಅರ್ಥವಾಯಿತು.

ಅಂದು ರಾತ್ರಿ ನಾನು ಮಗನಿಗೆ ಹೇಳಿದೆ, “ಮೊದಲು ದೋಣಿ. ಆಮೇಲೆ ನೋಡೋಣ.”

ಡೈವಿಂಗ್ ಸೆಂಟರ್‌ನವರು ಅವನನ್ನು ಕಡಿಮೆ ಆಳದಲ್ಲಿ ಪರೀಕ್ಷಿಸಿ, ಮರುದಿನ ಮಾಯಾ ತಿಲಕ್ಕೆ ಕರೆದೊಯ್ದರು. 1995ರಿಂದ ಸಂರಕ್ಷಿತವಾದ ಜಾಗ ಅದು. ಗುಡ್ಡದ ನೆತ್ತಿಯೇ ನೀರಿನಿಂದ ಆರು ಮೀಟರ್ ಕೆಳಗೆ. ನಾನೂ ದೋಣಿಯಲ್ಲಿ ಹೋದೆ, ಹೋಗಬಾರದಿತ್ತು. ಒಂದು ಗಂಟೆಯೊಳಗೆ ಬೆಳಗಿನ ರೊಟ್ಟಿ, ಮಾಸ್ ಹುನಿ ಎಲ್ಲ ಸಮುದ್ರದ ಪಾಲಾಯಿತು. ವಾಂತಿಯಾಗುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ. ದೋಣಿಯಲ್ಲಿ ಬಟ್ಟೆ ಬದಲಿಸಲು ಮರೆಯೂ ಇರಲಿಲ್ಲ, ಮೊದಲೇ ಕೇಳಿಕೊಳ್ಳಬೇಕಿತ್ತು. ಗೈಡ್‌ನ ಹಿಂದೆ ಎಲ್ಲರೂ ಒಂದೇ ಸಮನೆ ಹೋಗಬೇಕು. ಚೆಂದದ ಮೀನು ಕಂಡಿತೆಂದು ನಿಂತು ನೋಡುವ ಹಾಗಿಲ್ಲ ಎಂದು ಮಗ ಆಮೇಲೆ ಗೊಣಗಿದ.

ಆದರೂ ಆ ಒಂದು ಗಂಟೆಯಲ್ಲಿ ನಾನು ಒಂದನ್ನು ಗಮನಿಸಿದೆ. ಅವರು ಮುಳುಗಿದ ಮೇಲೆ ದೋಣಿಯ ಹುಡುಗನೊಬ್ಬ ಮೂತಿಯಲ್ಲಿ ಕುಳಿತು ನೀರಿನ ಮೇಲೆ ಬರುವ ಗುಳ್ಳೆಗಳಿಂದ ಕಣ್ಣು ತೆಗೆಯಲೇ ಇಲ್ಲ. ಗುಳ್ಳೆ ಹೋದತ್ತ ದೋಣಿಯೂ ಹೋಯಿತು. ಸೆಳೆತ ಎಲ್ಲಿಗೆ ಒಯ್ದರೂ ಅವರು ಎದ್ದಲ್ಲಿ ದೋಣಿ ಇರುತ್ತಿತ್ತು. ದಡದಿಂದ ಇಳಿದವನಿಗೆ ಈ ಸೌಕರ್ಯವಿಲ್ಲ, ಅವನು ಇಳಿದಲ್ಲಿಗೇ ಮರಳಬೇಕು. ಆ ದುಡ್ಡು ದೂರಕ್ಕೆ ಕೊಟ್ಟದ್ದೆಂದು ನಾನು ತಿಳಿದಿದ್ದೆ. ಅದು ಆ ಹುಡುಗನ ಕಣ್ಣಿಗೆ ಕೊಟ್ಟದ್ದು. ಈಜಿಪ್ಟಿನ ಸಿನಾಯ್‌ನಲ್ಲಿ ದಹಬ್ ಊರಿನ ಬಳಿ ‘ನೀಲಿ ಗುಂಡಿ’ ಎಂಬ ಜಾಗವಿದೆ. ದಡದಿಂದ ನಾಲ್ಕು ಹೆಜ್ಜೆ, ಆದರೆ ಐವತ್ತು ಮೀಟರ್‌ಗೂ ಆಳದಲ್ಲಿರುವ ಕಮಾನನ್ನು ದಾಟಲು ಹೋಗಿ ಸತ್ತವರ ಹೆಸರಿನ ಫಲಕಗಳು ಪಕ್ಕದ ಬಂಡೆಯ ಮೇಲಿವೆ. ಇದನ್ನು ಹೇಳಿದವನೂ ಮೈದುನನೇ, ಹೇಳಿ ಅಣ್ಣನ ಮಗನ ಮುಖವನ್ನೇ ನೋಡಿದ.

ಮಾಯಾ ತಿಲದಲ್ಲಿ ಬಿಳಿ ರೆಕ್ಕೆಯ ಶಾರ್ಕ್‌ಗಳನ್ನು ಕಂಡ ಮಗ ಎರಡು ದಿನ ಅದನ್ನೇ ಮಾತಾಡಿದ. ಅಲ್ಲಿ 2010ರಲ್ಲಿ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿದ್ದರು. ಆದರೂ ನಾಲ್ಕನೇ ದಿನ ಮತ್ತೆ ಕೇಳಿದ, “ಈಗ ದಡದಿಂದ?”

ನಿರಾಕರಿಸಲು ನನಗೆ ಕಾರಣ ಉಳಿದಿರಲಿಲ್ಲ. ಸೆಂಟರ್‌ನವರೂ ಇಬ್ಬರಿಗೆ ಒಪ್ಪಿದ್ದರು. ಷರತ್ತುಗಳನ್ನು ನಾನು ಬರೆಸಿದೆ. ಇಳಿಯುವ ಮೊದಲು ಹತ್ತು ನಿಮಿಷ ನೀರಿನ ಹರಿವು ನೋಡಬೇಕು. ಹೋಗುವಾಗ ಸೆಳೆತದ ಎದುರಿಗೆ, ಬರುವಾಗ ಅದರ ಜೊತೆಗೆ. ದಣಿವು ಮೊದಲೇ ಆಗಿಹೋಗಲಿ, ಮನೆಗೆ ಮರಳುವ ದಾರಿ ಇಳಿಜಾರಾಗಿರಲಿ. ಸಿಲಿಂಡರಿನ ಗಾಳಿಯಲ್ಲಿ ಮೂರನೇ ಒಂದು ಪಾಲು ಹೋಗಲು, ಒಂದು ಬರಲು, ಇನ್ನೊಂದನ್ನು ಮುಟ್ಟಬಾರದು. ಹತ್ತು ಮೀಟರ್ ಕೆಳಗೆ ಗಾಳಿ ಎರಡು ಪಟ್ಟು ಬೇಗ ಖರ್ಚಾಗುತ್ತದೆ ಎಂಬುದು ಅವನಿಗೇ ಗೊತ್ತಿತ್ತು. ಒಬ್ಬರನ್ನೊಬ್ಬರು ಬಿಡಬಾರದು. ಮೇಲೆ ಬರುವಾಗ ಕಿತ್ತಳೆ ಬಣ್ಣದ ಗಾಳಿಕೊಳವೆಯನ್ನು ಮೊದಲು ಮೇಲಕ್ಕೆ ಬಿಡಬೇಕು. ನಲವತ್ತೈದು ನಿಮಿಷ, ಹೆಚ್ಚಲ್ಲ. ಮರುದಿನವಲ್ಲ, ಅಂದೇ ಬೆಳಿಗ್ಗೆ. ಏಕೆಂದರೆ ಹಲವು ಬಾರಿ ಮುಳುಗಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಬಿಡಬೇಕು, ನಮ್ಮ ವಿಮಾನ ಮರುದಿನ ಮಧ್ಯಾಹ್ನಕ್ಕಿತ್ತು.

ಹದಿನೈದು ಕಿಲೋದ ಸಿಲಿಂಡರ್ ಹೊತ್ತು, ಬಿಸಿಲಿನಲ್ಲಿ ಮರಳು ತುಳಿದು ಇಬ್ಬರೂ ಇಳಿದರು. ನಾನು ಯಜಮಾನರ ಗಡಿಯಾರ ಕಟ್ಟಿಕೊಂಡು ದಡದಲ್ಲಿ ಕುಳಿತೆ. ಪೊರಕೆಯ ಹೆಂಗಸು ನನ್ನ ಪಕ್ಕ ಬಂದು ಕುಳಿತಳು. ಮೊದಲು ಗುಳ್ಳೆಗಳು ಕಾಣುತ್ತಿದ್ದವು, ಆಮೇಲೆ ಬಿಸಿಲಿನ ಹೊಳಪಿನಲ್ಲಿ ಕಾಣಲಿಲ್ಲ. ಮೂವತ್ತೆಂಟನೇ ನಿಮಿಷಕ್ಕೆ ನಾನು ಎದ್ದು ನಿಂತೆ. ಆಕೆ ನನ್ನ ಕೈ ಹಿಡಿದು ಕೂರಿಸಿದಳು. ನಲವತ್ತೊಂದಕ್ಕೆ, ನಾನು ನೋಡುತ್ತಿದ್ದ ಜಾಗದಿಂದ ಸ್ವಲ್ಪ ಎಡಕ್ಕೆ, ಕಿತ್ತಳೆ ಬಣ್ಣದ ಕೊಳವೆ ನೆಟ್ಟಗೆ ಎದ್ದಿತು.