ಅಂಗಡಿಯವನ ಕೈಲಿರುವ ಅಮಾನತ್

ಕನ್ನಡ ಪತ್ರಿಕೆಗಳಲ್ಲಿ ಅಮಾನತು ಎಂಬ ಪದ ಕಂಡರೆ ಯಾರೋ ಅಧಿಕಾರಿಯನ್ನು ಕೆಲಸದಿಂದ ದೂರವಿಟ್ಟಿದ್ದಾರೆಂದು ತಿಳಿಯಬೇಕು. ನಮ್ಮ ಮನೆಗಳ ಉರ್ದುವಿನಲ್ಲಿ ಅದರ ಅರ್ಥವೇ ಬೇರೆ. ನಂಬಿ ಒಪ್ಪಿಸಿದ ಸೊತ್ತು ಅಮಾನತ್. ಇಟ್ಟುಕೊಂಡವನು ಅದನ್ನು ಕಾಯಬೇಕು, ಕೇಳಿದಾಗ ಮರಳಿಸಬೇಕು. ಮಕ್ಕಾದ ಜನ ಪ್ರವಾದಿ ಮುಹಮ್ಮದರನ್ನು(ಸ) ಅಲ್-ಅಮೀನ್ ಎಂದು ಕರೆಯುತ್ತಿದ್ದರು. ಪ್ರಾಣಾಪಾಯದ ನಡುವೆ ಮದೀನಾಕ್ಕೆ ಹೊರಟಾಗಲೂ ಅವರು ತಮ್ಮ ಬಳಿಯಿದ್ದ ಸೊತ್ತುಗಳನ್ನು ಅವರವರಿಗೆ ಮುಟ್ಟಿಸಲೆಂದು ಹಝ್ರತ್ ಅಲಿಯವರನ್ನು(ರ) ಹಿಂದೆ ಉಳಿಸಿದರು.

ಇಂದು ನಾವು ಅಂಗಡಿಯವರಿಗೆ ಒಪ್ಪಿಸುವುದು ಚಿನ್ನ ಬೆಳ್ಳಿಯನ್ನಲ್ಲ. ಬಟ್ಟೆ ಕೊಂಡರೆ ಬಿಲ್ಲಿಗೆ ಮೊಬೈಲ್ ನಂಬರ್, ಸಿಮ್ ಕೊಂಡರೆ ಆಧಾರ್, ಉಮ್ರಾಕ್ಕೆ ಹೊರಟರೆ ಮನೆಮಂದಿಯೆಲ್ಲರ ಪಾಸ್‌ಪೋರ್ಟ್ ಮತ್ತು ಭಾವಚಿತ್ರ. ಕೊಟ್ಟು ಬಂದ ಮೇಲೆ ಅವು ಎಲ್ಲಿರುತ್ತವೆ ಎಂದು ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ.

ನಮ್ಮ ಮೊಹಲ್ಲಾದ ಹುಡುಗಿಯೊಬ್ಬಳು ರೀಚಾರ್ಜ್ ಅಂಗಡಿಯ ಪುಸ್ತಕದಲ್ಲಿ ತನ್ನ ನಂಬರ್ ಬರೆದು ಬಂದಳು. ವಾರದೊಳಗೆ ಗೊತ್ತಿಲ್ಲದವರಿಂದ ರಾತ್ರಿ ಹೊತ್ತು ಸಂದೇಶಗಳು ಬರತೊಡಗಿದವು. ತಂದೆ ಮೊದಲು ಫೋನ್ ಕಿತ್ತುಕೊಂಡರು, ಆಮೇಲೆ ಕಾಲೇಜು ಬಿಡಿಸಿದರು. ನಂಬರ್ ಹಂಚಿದವನು ಮರುದಿನವೂ ಎಂದಿನಂತೆ ಅಂಗಡಿಯ ಬಾಗಿಲು ತೆರೆದ. ಇಂಥ ವಿವರ ಸೋರಿದರೆ ಗಂಡಸಿಗೆ ಸಾಲದ ಕಂಪೆನಿಗಳ ಕರೆಗಳ ಕಿರಿಕಿರಿ. ನಮ್ಮ ಹೆಣ್ಣುಮಕ್ಕಳಿಗೆ ಓದೇ ನಿಂತುಹೋಗಬಹುದು.

ಖಾಸಗಿತನ ದೊಡ್ಡವರ ಚಿಂತೆ ಎನ್ನುವವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರನ್ನು ನೆನೆಯಬೇಕು. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ವಯಸ್ಸು ಎಂಬತ್ತು ದಾಟಿತ್ತು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. 2025ರ ನವೆಂಬರ್‌ನಲ್ಲಿ ನಿಯಮಗಳು ಹೊರಬಿದ್ದಾಗ, ಮುಖ್ಯ ಹೊಣೆಗಳನ್ನು ಪಾಲಿಸಲು ಸಂಸ್ಥೆಗಳಿಗೆ ಹದಿನೆಂಟು ತಿಂಗಳ ಗಡುವು ಕೊಡಲಾಯಿತು.

ಗ್ರಾಹಕರ ವಿವರ ಪಡೆಯುವ ಸಂಸ್ಥೆಯನ್ನು ಈ ಕಾಯ್ದೆ 'ಡೇಟಾ ಫಿಡ್ಯೂಷಿಯರಿ' ಎಂದು ಕರೆಯುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಮಾನತ್ ಹೊತ್ತವನು. ಒಪ್ಪಿಗೆ ಕೇಳುವಾಗ ಯಾವ ವಿವರ, ಯಾವ ಉದ್ದೇಶಕ್ಕೆ ಎಂದು ಅವನು ತಿಳಿಸಬೇಕು. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ನಮಗೆ ಬೇಕಾದುದರಲ್ಲಿ ಅದನ್ನು ಓದುವ ಅವಕಾಶವಿರಬೇಕು. ಕನ್ನಡವೂ ಉರ್ದುವೂ ಅದರಲ್ಲಿವೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲು ಬರಬೇಕು. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ವಿವರವನ್ನು ಅಳಿಸಬೇಕು. ಸೋರಿಕೆಯಾದರೆ ಮಂಡಳಿಗೂ ನೊಂದವರಿಗೂ ತಿಳಿಸಬೇಕು. ಸರಿಯಾದ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿಯವರೆಗೂ ದಂಡ.

ಆದರೆ ಆ ದಂಡದ ಹಣ ಸೇರುವುದು ಸರಕಾರದ ಸಂಚಿತ ನಿಧಿಗೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಕಂಪೆನಿಯ ಅಲಕ್ಷ್ಯದಿಂದ ನಷ್ಟ ಹೊಂದಿದವರಿಗೆ ಪರಿಹಾರ ಕೊಡಿಸುತ್ತಿತ್ತು. ಹೊಸ ಕಾಯ್ದೆ ಆ ಕಲಮನ್ನೇ ಕೈಬಿಡುತ್ತದೆ. ಸುಳ್ಳು ಇಲ್ಲವೇ ಹುರುಳಿಲ್ಲದ ದೂರು ಕೊಟ್ಟ ಗ್ರಾಹಕನಿಗೆ ಮಾತ್ರ ಹತ್ತು ಸಾವಿರದವರೆಗೆ ದಂಡ ಹಾಕಬಹುದು. ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಅಧಿಕಾರವನ್ನು ಕೇಂದ್ರ ಸರಕಾರ ತನ್ನ ಬಳಿಯೇ ಇಟ್ಟುಕೊಂಡಿದೆ. ಅಮಾನತ್ತಿನ ಪಾಠವನ್ನು ಇತರರಿಗೆ ಹೇಳುವವರು ತಾವೂ ಓದಬೇಡವೆ?

ಇನ್ನೊಂದು ಸಂಗತಿ. ಈ ಕಾಯ್ದೆ ಕಂಪ್ಯೂಟರಿಗೆ ಸೇರಿದ ವಿವರಕ್ಕಷ್ಟೇ ಅನ್ವಯ. ರೀಚಾರ್ಜ್ ಅಂಗಡಿಯ ಕಾಗದದ ಪುಸ್ತಕ ಅದರ ಕೈಗೆ ಸಿಗುವುದಿಲ್ಲ. ಅಲ್ಲಿ ಉಳಿಯುವುದು ಅಂಗಡಿಯವನ ಈಮಾನ್ ಮಾತ್ರ.

ನಮ್ಮಲ್ಲಿ ವ್ಯಾಪಾರಿಗಳು ಕಡಿಮೆಯಿಲ್ಲ. ಮೊಬೈಲ್ ಅಂಗಡಿ, ಝೆರಾಕ್ಸ್ ಅಂಗಡಿ, ಹಜ್-ಉಮ್ರಾ ಟ್ರಾವೆಲ್ಸ್ ನಡೆಸುವವರೂ ಇದ್ದಾರೆ. ತೂಕದಲ್ಲಿ ಮೋಸ ಹರಾಮ್ ಎಂದು ಇವರಿಗೆ ಯಾರೂ ಕಲಿಸಬೇಕಿಲ್ಲ. ಗಿರಾಕಿಯ ನಂಬರನ್ನು ಇನ್ನೊಬ್ಬರಿಗೆ ದಾಟಿಸುವುದೂ ಖಿಯಾನತ್ ಎಂದು ಜುಮಾದ ಖುತ್ಬಾದಲ್ಲಿ ಒಮ್ಮೆ ಹೇಳಿದರೆ ಒಳಿತು. ಬೇಡದ ನಂಬರ್ ಕೇಳದಿರಲಿ. ಆಧಾರಿನ ಕೊನೆಯ ನಾಲ್ಕು ಅಂಕೆ ಮಾತ್ರ ತೋರಿಸುವ ಪ್ರತಿಯೂ ಸಿಗುತ್ತದೆ, ಸಾಲುವ ಕಡೆ ಅಷ್ಟನ್ನೇ ಪಡೆಯಲಿ. ಯಾತ್ರೆ ಮುಗಿದು ಹಾಜಿಗಳು ಮನೆ ಸೇರಿದ ಮೇಲೆ, ಇಡಬೇಕಾಗಿಲ್ಲದ ಪಾಸ್‌ಪೋರ್ಟ್ ಪ್ರತಿಗಳನ್ನು ರದ್ದಿಗೆ ಹಾಕದೆ ಹರಿದುಹಾಕಲಿ. ಇದಕ್ಕೆ ಹದಿನೆಂಟು ತಿಂಗಳು ಬೇಡ, ಒಂದು ಸಂಜೆ ಸಾಕು.