ಐವತ್ತು ವರ್ಷದ ಕುಶಲವಾರ್ತೆ

ಗೌರಿಬಿದನೂರಿನ ನ್ಯಾಷನಲ್ ಕಾಲೇಜಿನಿಂದ 1976ರಲ್ಲಿ ಪದವಿ ಪಡೆದು ಹೊರಬಂದ ನಮ್ಮ ತಂಡಕ್ಕೆ ಈ 2026ರಲ್ಲಿ ಐವತ್ತು ವರ್ಷ ತುಂಬುತ್ತಲಿದೆ. ಆ ನಿಮಿತ್ತವಾಗಿ ಎಲ್ಲರೂ ಒಂದೆಡೆ ಸೇರಬೇಕೆಂಬ ಸಂಕಲ್ಪ ಹುಟ್ಟಿ, ಚದುರಿಹೋದ ಸಹಪಾಠಿಗಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕುಶಲ ವಿಚಾರಿಸುವ ಕೆಲಸ ಕೆಲವು ತಿಂಗಳಿಂದ ನಡೆದಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಬಂದ ಪತ್ರಗಳನ್ನು ಓದುತ್ತ, ದೂರವಾಣಿಯಲ್ಲಿ ಗಂಟೆಗಟ್ಟಲೆ ಮಾತು ಕೇಳುತ್ತ ಹೋದಂತೆ, ಒಬ್ಬೊಬ್ಬನೂ ತನ್ನ ಸಂಸಾರದ ಸುದ್ದಿಯೆಂದು ತಿಳಿದು ಹೇಳಿದ್ದೆಲ್ಲವೂ ಕೂಡಿ ನಮ್ಮ ಸೀಮೆಯ ಅರ್ಧ ಶತಮಾನದ ಚರಿತ್ರೆಯೇ ಆಗಿದೆಯೆಂಬುದು ನನಗೆ ಮನವರಿಕೆಯಾಯಿತು. ಅದರಲ್ಲಿ ಕೆಲವಂಶವನ್ನಾದರೂ, ಕಂಡವರು ಇನ್ನೂ ಇರುವಾಗಲೇ ಬರೆದಿಡುವುದು ಒಳಿತೆಂದು ಈ ಲೇಖನಕ್ಕೆ ತೊಡಗಿದ್ದೇನೆ.

ಊರಿನ ಸಮೀಪದಲ್ಲಿಯೇ ಕಾಲೇಜು ದೊರೆತದ್ದು ನಮ್ಮ ಪಾಲಿಗೆ ಸಾಮಾನ್ಯ ಭಾಗ್ಯವಾಗಿರಲಿಲ್ಲ. ಗೌರಿಬಿದನೂರಿನ ಬಳಿಯ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು ಪ್ರೌಢಶಾಲೆಯ ವ್ಯಾಸಂಗಕ್ಕೆಂದು ಬೆಂಗಳೂರಿನವರೆಗೆ ನಡೆದೇ ಹೋದವರು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಗಳಿಸಿ ಮರಳಿದ ಮೇಲೆಯೂ ಖಾದಿಯನ್ನಾಗಲಿ ಗಾಂಧಿ ಟೋಪಿಯನ್ನಾಗಲಿ ಬಿಡದೆ, ವಿವಾಹವಾಗದೆ, ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬಾಳನ್ನು ಸವೆಸಿದವರು. ತಾವು ನಡೆದ ದಾರಿಯನ್ನು ತಮ್ಮ ಸೀಮೆಯ ಮಕ್ಕಳು ಮತ್ತೆ ನಡೆಯುವಂತಾಗಬಾರದೆಂಬ ಹಂಬಲದಿಂದ ಅವರು ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜುಗಳನ್ನು ತಂದರು. ನಾವು ಓದುತ್ತಿದ್ದಾಗ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳು. ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸುವ ಸಮಿತಿಯನ್ನು ಅವರು ರಚಿಸಿದ್ದು ನಮ್ಮ ಕಡೆಯ ವರ್ಷವಾದ 1976ರಲ್ಲಿ. ದೇಶದಲ್ಲಿ ತುರ್ತುಪರಿಸ್ಥಿತಿ ಜಾರಿಯಲ್ಲಿದ್ದು ದೊಡ್ಡವರು ಮಾತು ತಗ್ಗಿಸಿ ಆಡುತ್ತಿದ್ದ ಆ ದಿನಗಳಲ್ಲಿ, ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂಬ ಅವರ ಉಪದೇಶವು ಹಳ್ಳಿಯಿಂದ ಬಂದ ನಮ್ಮ ಕಿವಿಗೆ ಎಷ್ಟು ಹೊಸದಾಗಿ ಕೇಳಿಸಿತೆಂಬುದನ್ನು ಈಗಿನವರಿಗೆ ವಿವರಿಸುವುದು ಕಷ್ಟ.

ನಮ್ಮಲ್ಲಿ ಬಹುಮಂದಿ ಮನೆಯಲ್ಲಿ ಮೊದಲು ಅಕ್ಷರ ಕಲಿತವರು. ಮನೆಮಾತು ಕೆಲವರಿಗೆ ತೆಲುಗು, ಕೆಲವರಿಗೆ ಕನ್ನಡ, ಶಿಡ್ಲಘಟ್ಟದ ಒಬ್ಬ ಗೆಳೆಯನಿಗೆ ಉರ್ದು. ಆದರೆ ಬರೆಹಕ್ಕೂ ಜಗಳಕ್ಕೂ ಸಮಾನವಾಗಿ ಒದಗಿದ್ದು ಕನ್ನಡ. ಚಿಂತಾಮಣಿಯ ಕಡೆಯವರು ರಜೆ ಮುಗಿಸಿ ಬರುವಾಗ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ಪುಟ್ಟ ರೈಲನ್ನು ಹತ್ತಿ, ಶಿಡ್ಲಘಟ್ಟದಲ್ಲಿ ಅಲ್ಲಿನವರನ್ನು ಕೂಡಿಕೊಂಡು, ಚಿಕ್ಕಬಳ್ಳಾಪುರದಲ್ಲಿ ಇಳಿದು, ಮಂಚೇನಹಳ್ಳಿಯ ಮಾರ್ಗವಾಗಿ ಬಸ್ಸಿನಲ್ಲಿ ಗೌರಿಬಿದನೂರನ್ನು ಸೇರುತ್ತಿದ್ದರು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರಗಳನ್ನು ಹಾದು ಯಲಹಂಕದವರೆಗೆ ಹಬ್ಬಿದ್ದ ಆ ಹಳಿ ಮೈಸೂರು ಸಂಸ್ಥಾನದ ಕಾಲದ್ದು. ಗಾಡಿಯ ವೇಗ ಅಲ್ಪವಾದರೂ ಅದರಲ್ಲಿ ರೇಷ್ಮೆಗೂಡಿನ ಮೂಟೆ, ಕಡಲೆಕಾಯಿಯ ಚೀಲ, ತವರಿಗೆ ಹೊರಟ ಹೆಣ್ಣುಮಕ್ಕಳು, ಪರೀಕ್ಷೆಗೆ ಓದುತ್ತ ಕೂತ ನಾವು, ಎಲ್ಲರಿಗೂ ಸ್ಥಳವಿದ್ದಿತು. ತೊಂಬತ್ತರ ದಶಕದಲ್ಲಿ ಆ ಗಾಡಿ ನಿಂತುಹೋಯಿತು. ಅಗಲ ಹಳಿ ಹಾಸಿ ಚಿಕ್ಕಬಳ್ಳಾಪುರ ಕೋಲಾರಗಳ ನಡುವೆ ಮತ್ತೆ ರೈಲು ಓಡಿದ್ದು 2013ರಲ್ಲಿ. ಆ ವೇಳೆಗೆ ನಾವು ಅರವತ್ತರ ಸಮೀಪಕ್ಕೆ ಬಂದಿದ್ದೆವು.

ಗೌರಿಬಿದನೂರಿನಲ್ಲಿ ಭಾನುವಾರಗಳಂದು ನಾವು ವಿದುರಾಶ್ವತ್ಥಕ್ಕೆ ಹೋಗುವುದಿತ್ತು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಗುಂಡು ಹಾರಿದ ಸ್ಥಳವದು. ಆ ದಿನ ಅಲ್ಲಿದ್ದು ಓಡಿ ಉಳಿದ ಹಿರಿಯರು ಸುತ್ತಣ ಹಳ್ಳಿಗಳಲ್ಲಿ ಆಗಿನ್ನೂ ಇದ್ದರು, ಕೇಳಿದರೆ ಹೇಳುತ್ತಿದ್ದರು. ಕೇಳಬೇಕಾದಷ್ಟನ್ನು ಯಾರೂ ಕೇಳಲಿಲ್ಲ, ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ. ಕಣ್ಣಾರೆ ಕಂಡವರು ತೀರಿಕೊಂಡ ಮೇಲೆ ಊರಿಗೆ ಒದಗುವ ನಷ್ಟವೆಂತಹುದೆಂಬುದನ್ನು ನಾನು ತಿಳಿದದ್ದು ಅಲ್ಲಿಂದ.

ಈಗ ಬಂದ ವಾರ್ತೆಗಳಲ್ಲಿ ಅತ್ಯಂತ ವಿವರವಾದದ್ದು ಶಿಡ್ಲಘಟ್ಟದ್ದು. ಅಲ್ಲಿನ ಗೆಳೆಯ ರೇಷ್ಮೆ ನೂಲು ಬಿಚ್ಚುವ ಮನೆತನದವನು. ಪದವಿ ಪಡೆದವನು ಸರ್ಕಾರಿ ನೌಕರಿಗೆ ಹೋಗಲೆಂದು ತಂದೆಗೆ ಆಸೆಯಿದ್ದರೂ ತಂದೆಯ ಆರೋಗ್ಯ ಕೆಟ್ಟಾಗ ಚರಕದ ಮುಂದೆ ಬಂದು ಕೂತನು. ನಾವು ರಜೆಯಲ್ಲಿ ಅವನ ಮನೆಗೆ ಹೋಗುತ್ತಿದ್ದಾಗ ಕಂಡದ್ದು ಈಗಲೂ ನೆನಪಿದೆ: ಕುದಿಯುವ ನೀರಿನ ಬಾಣಲೆಯಲ್ಲಿ ಕುಣಿಯುವ ಹಳದಿ ಗೂಡುಗಳು, ಅವುಗಳಿಂದ ಎಳೆಗಳನ್ನು ಹುಡುಕಿ ಹಿಡಿದು ಕೂಡಿಸುವ ಕೈ, ಚರಕ ತಿರುಗಿಸುವವನ ಬೆವರು, ಬೆಂದ ಹುಳುವಿನ ವಾಸನೆಯಿಂದ ತುಂಬಿದ ಓಣಿ. ಎಳೆ ಹಿಡಿಯುತ್ತಿದ್ದವರಲ್ಲಿ ಶಾಲೆಯಲ್ಲಿರಬೇಕಾದ ಮಕ್ಕಳೂ ಇದ್ದರು. ಬಿಸಿನೀರಿನಲ್ಲಿ ನೆನೆದು ಬಿಳುಪೇರಿ ಬಿರಿದಿದ್ದ ಅವರ ಬೆರಳುಗಳನ್ನು ಕಂಡು ನಮ್ಮ ಗೆಳೆಯ ತಲೆ ತಗ್ಗಿಸುತ್ತಿದ್ದನು. ಕಸುಬು ತನ್ನ ಕೈಗೆ ಬಂದ ಮೇಲೆ ಅವನು ಮಾಡಿದ ಮೊದಲ ಕೆಲಸ ಮಕ್ಕಳನ್ನು ಬಾಣಲೆಯ ಮುಂದಿನಿಂದ ಎಬ್ಬಿಸಿದ್ದು. ಅದರಿಂದ ಕೆಲವು ಕಾಲ ನಷ್ಟವಾಯಿತೆಂದು ಬರೆದಿದ್ದಾನೆ, ಪಶ್ಚಾತ್ತಾಪವಾಯಿತೆಂದು ಬರೆದಿಲ್ಲ.

ಅದೇ ತಾಲ್ಲೂಕಿನ ಇನ್ನೊಬ್ಬ ಸಹಪಾಠಿ ಹಿಪ್ಪುನೇರಳೆಯ ರೈತ. ಅವನ ತಾಯಿ ಹುಳುವಿನ ಮನೆಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಬಿದಿರಿನ ತಟ್ಟೆಗಳಲ್ಲಿ ಸೊಪ್ಪನ್ನು ಹೆಚ್ಚಿ ಹಾಕಿ, ಒಂದನೆಯ ಜ್ವರ, ಎರಡನೆಯ ಜ್ವರ ಎಂದು ಹುಳು ಪೊರೆ ಕಳಚುವ ನಾಲ್ಕು ಜ್ವರಗಳನ್ನು ಲೆಕ್ಕವಿಟ್ಟು ದಾಟಿಸಿ, ಹಣ್ಣಾದ ಹುಳುವನ್ನು ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೆ ಆ ಮನೆಯಲ್ಲಿ ಯಾರಿಗೂ ಪೂರ್ಣ ನಿದ್ರೆಯಿರುತ್ತಿರಲಿಲ್ಲ. 1980ರ ಸುಮಾರಿಗೆ ಊಜಿ ನೊಣ ನಮ್ಮ ಸೀಮೆಗೆ ಕಾಲಿಟ್ಟು, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಗೆ ಬೆಳೆಯನ್ನೇ ಕೆಡಿಸಿದಾಗ, ಮನೆಮನೆಯ ಕಿಟಕಿಗಳಿಗೆ ಸೊಳ್ಳೆಪರದೆ ಬಂದಿತು. ಆ ಬಳಿಕ ಚಾಕಿ ಕೇಂದ್ರಗಳು ಬಂದು ಎಳೆಹುಳುವಿನ ಆರೈಕೆಯನ್ನು ವಹಿಸಿಕೊಂಡವು. ಎಲೆ ಬಿಡಿಸುವ ಬದಲು ರೆಂಬೆಯನ್ನೇ ಕಡಿದು ಹಾಕುವ ಪದ್ಧತಿ ಬಂದು ಹೆಂಗಸರ ಬೆನ್ನಿಗೆ ತುಸು ವಿಶ್ರಾಂತಿ ದೊರೆಯಿತು. ವಿ-1 ತಳಿಯ ಅಗಲವಾದ ಎಲೆ ಬಂದಿತು. ಮೇದರು ಹೆಣೆದ ಚಂದ್ರಿಕೆಯ ಸ್ಥಳವನ್ನು ಪ್ಲಾಸ್ಟಿಕ್ಕಿನ ನೇತ್ರಿಕೆ ಆಕ್ರಮಿಸಿತು. ಹಳದಿ ಗೂಡಿನ ಜೊತೆಗೆ ಬಿಳಿಯ ದ್ವಿತಳಿ ಗೂಡು ಮಾರುಕಟ್ಟೆಗೆ ಬರತೊಡಗಿತು.

ಒಬ್ಬ ಗೂಡು ಬೆಳೆಯುವವನು, ಒಬ್ಬ ಕೊಳ್ಳುವವನು. ಆದುದರಿಂದ ಈ ಇಬ್ಬರೂ ನಲವತ್ತು ವರ್ಷಕಾಲ ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಎದುರುಬದುರಿಗೆ ನಿಂತವರು. ಬೆಲೆ ಏರಿದ ದಿನ ಒಬ್ಬನಿಗೆ ಹರ್ಷ, ಇಳಿದ ದಿನ ಮತ್ತೊಬ್ಬನಿಗೆ ಆಸರೆ. ಆದರೆ 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವು ಶೇಕಡ 30ರಿಂದ 5ಕ್ಕೆ ಇಳಿದು, ಚೀನದ ನೂಲಿನ ಭಯದಿಂದ ಗೂಡಿನ ಬೆಲೆ ಕುಸಿದಾಗ, ಇಬ್ಬರಿಗೂ ಒಂದೇ ಸಂಕಟ. ಕೂಗಿ ಹೇಳುತ್ತಿದ್ದ ಹರಾಜು ಇಂದು ಮೊಬೈಲ್ ಫೋನಿನೊಳಕ್ಕೆ ಹೋಗಿದೆ. ಹಣ ನೇರವಾಗಿ ಬ್ಯಾಂಕಿಗೆ ಸೇರುತ್ತದೆ. ಚರಕಗಳಿದ್ದ ಓಣಿಗಳ ಊರಿಗೆ ಸ್ವಯಂಚಾಲಿತ ಯಂತ್ರಗಳು ಬಂದಿವೆ. ರೈತನು ಮೋಸಹೋಗುವ ದಾರಿಗಳು ಕಡಿಮೆಯಾದುವೆಂದು ಇಬ್ಬರೂ ಒಪ್ಪುತ್ತಾರೆ. “ಲೆಕ್ಕ ಸರಿಯಾಗಿದೆ ಕಣಯ್ಯಾ, ಆದರೆ ಮಾರ್ಕೆಟ್ಟಿನಲ್ಲಿ ಜೊತೆಗೆ ಕೂತು ಚಹಾ ಕುಡಿಯೋದು ನಿಂತುಹೋಯ್ತು” ಎಂದು ನೂಲಿನ ಗೆಳೆಯ ಹೇಳಿದನು. ಅವನ ಮಗ ಕಸುಬನ್ನು ಉಳಿಸಿಕೊಂಡಿದ್ದಾನೆ. ರೈತ ಗೆಳೆಯನ ಮಕ್ಕಳು ಬೆಂಗಳೂರಿನಲ್ಲಿದ್ದಾರೆ.

ಚಿಂತಾಮಣಿಯಿಂದ ಬಂದ ವಾರ್ತೆ ನೀರಿನದು. ಅಲ್ಲಿಯ ಸಹಪಾಠಿ ಉಪಾಧ್ಯಾಯನಾಗಿ ನಿವೃತ್ತನಾಗಿ, ಕೈವಾರದ ಕಡೆಯ ತನ್ನ ಹಳ್ಳಿಯಲ್ಲಿ ನೆಲೆಸಿದ್ದಾನೆ. ನಾವು ವಿದ್ಯಾರ್ಥಿಗಳಾಗಿದ್ದಾಗ ಅವನ ಹೊಲದ ತೆರೆದ ಬಾವಿಯಲ್ಲಿ ಈಜಿದ್ದೆವು. ನೀರೆತ್ತಲು ಕಪಿಲೆ ಹೊಡೆಯುವ ಎತ್ತುಗಳ ಹಿಂದೆ ನಡೆದಿದ್ದೆವು. ಹೊಲದಲ್ಲಿ ಕಡಲೆಕಾಯಿಯನ್ನು ಕಿತ್ತು ತಿಂದಿದ್ದೆವು. ಶಾಶ್ವತವಾದ ಹೊಳೆಯೊಂದೂ ಇಲ್ಲದ ಈ ನಾಡನ್ನು ಪೂರ್ವಿಕರು ಕೆರೆಗೆ ಕೆರೆಯನ್ನು ಪೋಣಿಸಿ ಕಾಪಾಡಿಕೊಂಡು ಬಂದಿದ್ದರು; ನಂದಿಯ ಬೆಟ್ಟಗಳ ಸುತ್ತ ಹುಟ್ಟುವ ಪಿನಾಕಿನಿಗಳಾಗಲಿ, ಚಿತ್ರಾವತಿಯಾಗಲಿ, ಮಳೆಗಾಲ ಕಳೆದರೆ ಮರಳ ಹಾದಿಗಳೇ. ಕೊಳವೆಬಾವಿ ಬಂದ ಮೊದಲ ವರ್ಷಗಳಲ್ಲಿ ಟೊಮೇಟೊ, ತರಕಾರಿ, ಹಿಪ್ಪುನೇರಳೆ ಹುಲುಸಾಗಿ ಬೆಳೆದು ಹಳ್ಳಿಗಳಲ್ಲಿ ಹಣ ಕಾಣಿಸಿಕೊಂಡಿತು. ಅನಂತರ ತೆರೆದ ಬಾವಿಗಳು ಬತ್ತಿದುವು, ಕಪಿಲೆ ಮಾಯವಾಯಿತು, ಕೆರೆಯ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿಗೆ ಕೆಲಸವಿಲ್ಲದಾಯಿತು, ಸಾವಿರ ಅಡಿ ಕೊರೆದರೂ ಕೆಲವೆಡೆ ಬರಿಯ ಧೂಳೇ ಮೇಲೆ ಬಂದಿತು. ದೊರೆತ ನೀರಿನಲ್ಲಿಯೂ ಫ್ಲೋರೈಡು. ಹಲ್ಲು ಕಂದಿದ ಮಕ್ಕಳನ್ನು ತರಗತಿಯಲ್ಲಿ ವರ್ಷದಿಂದ ವರ್ಷಕ್ಕೆ ಕಂಡ ಆ ಉಪಾಧ್ಯಾಯ ಶಾಶ್ವತ ನೀರಾವರಿಗಾಗಿ ನಡೆದ ಹೋರಾಟಗಳಲ್ಲಿ ಜನರೊಡನೆ ರಸ್ತೆಯಲ್ಲಿ ಕೂತವನು. ಈಗ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಗಳ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆ ತುಂಬಿದ್ದನ್ನು ನೋಡಿ ಸಂತೋಷಪಡಬೇಕೋ, ನೀರು ಇನ್ನೂ ಶುದ್ಧವಾಗಬೇಕೆಂದು ಕೂಗಬೇಕೋ ಎಂಬ ಪ್ರಶ್ನೆಗೆ ಅವನ ಉತ್ತರ, ಎರಡನ್ನೂ ಮಾಡಬೇಕೆಂಬುದು. ನನಗೆ ಅದೇ ಸರಿಯೆಂದು ತೋರುತ್ತದೆ.

ಗೌರಿಬಿದನೂರಿನಲ್ಲಿಯೇ ಉಳಿದವರ ಪತ್ರದಲ್ಲಿ ಬೇರೊಂದು ಬಗೆಯ ವಿಷಯವಿದೆ. ಭೂಕಂಪದ ಕಂಪನಗಳನ್ನೂ ದೂರದೇಶಗಳ ಪರಮಾಣು ಸ್ಫೋಟಗಳನ್ನೂ ಗುರುತಿಸುವ ಕೇಂದ್ರವೊಂದು ಆ ಊರಿಗೆ 1965ರಲ್ಲಿಯೇ ಬಂದಿದ್ದಿತು. ನಾವು ಕಾಲೇಜು ಬಿಟ್ಟ ವರ್ಷದ ಸುಮಾರಿಗೆ ಸಮೀಪದ ಬಯಲಿನಲ್ಲಿ ಸಾಲುಸಾಲು ಕಂಬಗಳೂ ತಂತಿಗಳೂ ಎದ್ದು ರೇಡಿಯೋ ದೂರದರ್ಶಕವಾದುವು. ಸೂರ್ಯನಿಂದಲೂ ನಕ್ಷತ್ರಲೋಕದಿಂದಲೂ ಬರುವ ರೇಡಿಯೋ ಅಲೆಗಳನ್ನು ಅಲ್ಲಿ ಇಂದಿಗೂ ಆಲಿಸುತ್ತಾರೆ. ನಮ್ಮವನೊಬ್ಬ ಆ ಬಯಲಿನ ಪಕ್ಕದಲ್ಲಿಯೇ ರಾಗಿ ಬೆಳೆಯುತ್ತ, ತನ್ನ ಊರಿನ ಮಕ್ಕಳನ್ನು ಕರೆದೊಯ್ದು ಆ ಕಂಬಗಳನ್ನು ತೋರಿಸುತ್ತ ಬಂದಿದ್ದಾನೆ. ಅವರಲ್ಲಿ ಕೆಲವರು ಭೌತವಿಜ್ಞಾನ ಓದಿದರು. ಅವನ ಜೀವನದ ಸಾಧನೆ ಏನೆಂದು ಕೇಳಿದರೆ ಅದನ್ನೇ ಹೇಳುತ್ತಾನೆ.

ಚಿಕ್ಕಬಳ್ಳಾಪುರವು 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯ ಮುಖ್ಯಸ್ಥಳವಾಯಿತು. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಈ ಎರಡು ಘಟನೆಗಳು ಊರಿನ ಮುಖವನ್ನೇ ಬದಲಿಸಿದುವು. ಕಚೇರಿಯ ಕೆಲಸಕ್ಕೆ ಕೋಲಾರಕ್ಕೆ ಅಲೆಯುವುದು ತಪ್ಪಿತು. ಹೆದ್ದಾರಿಯ ಪಕ್ಕದ ದ್ರಾಕ್ಷಿಯ ಚಪ್ಪರಗಳಲ್ಲಿ ಕೆಲವು ಬಡಾವಣೆಗಳಾದುವು. ಅಲ್ಲಿನ ಗೆಳೆಯನೊಬ್ಬ ಭೂಮಿಯನ್ನು ಮಾರಿ ಮಕ್ಕಳನ್ನು ವಿದೇಶಕ್ಕೆ ಕಳುಹಿಸಿದನು. ಮತ್ತೊಬ್ಬ ಮಾರದೆ ದ್ರಾಕ್ಷಿಯನ್ನೂ ಸೇವಂತಿಗೆಯನ್ನೂ ಬೆಳೆಯುತ್ತಿದ್ದಾನೆ. ಇಬ್ಬರಲ್ಲಿ ಯಾರು ಜಾಣರೆಂಬ ಚರ್ಚೆ ಅವರೊಳಗೆ ಇನ್ನೂ ಮುಗಿದಿಲ್ಲ. ಒಬ್ಬ ಮಕ್ಕಳ ಮುಖವನ್ನು ಫೋನಿನಲ್ಲಿ ನೋಡುತ್ತಾನೆ, ಇನ್ನೊಬ್ಬನಿಗೆ ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಬಿದ್ದ ದಿನ ಊಟ ರುಚಿಸುವುದಿಲ್ಲ.

ಹುಡುಕಾಟದಲ್ಲಿ ಅತಿ ಕಷ್ಟವಾದದ್ದು ನಮ್ಮೊಡನೆ ಓದಿದ ಹೆಣ್ಣುಮಕ್ಕಳನ್ನು ಪತ್ತೆಹಚ್ಚುವುದು. ಸಂಖ್ಯೆಯಲ್ಲಿ ಅವರು ಸ್ವಲ್ಪ. ಮದುವೆಯಾಗಿ ಹಿಂದೂಪುರ, ಮದನಪಲ್ಲಿ, ಬೆಂಗಳೂರುಗಳಿಗೆ ಹೋದಾಗ ಊರಿನೊಡನೆ ಹೆಸರೂ ಬದಲಾಗಿ, ಹಾಜರಿ ಪುಸ್ತಕದ ಹೆಸರಿನಿಂದ ಅವರನ್ನು ಬಲ್ಲವರೇ ಇಲ್ಲದಾಗಿದ್ದರು. ತವರಿನ ಅತ್ತಿಗೆಯರ ಮೂಲಕ, ಅಣ್ಣನ ಮಕ್ಕಳ ಮೂಲಕ ಕಡೆಗೂ ಸಿಕ್ಕ ಒಬ್ಬರು, ಅಂದಿನ ಹೆಸರಿನಿಂದ ಕರೆದೊಡನೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: “ಈ ಹೆಸರು ಹಿಡಿದು ಕರೆಯೋರು ನಮ್ಮಮ್ಮನ ಜೊತೇಲೇ ಹೋದರು ಅಂದ್ಕೊಂಡಿದ್ದೆ ಕಣ್ರೀ.” ಮನೆಯಲ್ಲಿ ವಿರೋಧವಿದ್ದರೂ ಓದು ಮುಗಿಸಿ, ವಿಧವೆಯಾದ ಮೇಲೆ ಆ ಪದವಿಯ ಬಲದಿಂದಲೇ ಕೆಲಸ ಹಿಡಿದು ಮೂವರು ಮಕ್ಕಳನ್ನು ಸಾಕಿದವರು ಆಕೆ. ಕಾಲೇಜು ಸಮೀಪದಲ್ಲಿದ್ದುದರಿಂದ ಆದ ಉಪಕಾರವೆಂತಹುದೆಂದು ಕೇಳುವವರಿಗೆ ನಾನು ಮೊದಲು ಆಕೆಯ ಬಾಳನ್ನೇ ತೋರಿಸುತ್ತೇನೆ.

ಗತಿಸಿದವರ ಪಟ್ಟಿಯೂ ಚಿಕ್ಕದಲ್ಲ. ಕೋವಿಡಿನ ಎರಡು ವರ್ಷಗಳಲ್ಲಿ ಅದು ಇನ್ನಷ್ಟು ಬೆಳೆಯಿತು. ಆದರೆ ತೀರಿಹೋದವರಿಗಿಂತ ಹೆಚ್ಚಾಗಿ ನನ್ನ ಮನಸ್ಸನ್ನು ನೋಯಿಸಿದವರು, ಇದ್ದೂ ಬರಲೊಲ್ಲೆನೆಂದವರು. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಊರಿಗೆ ಮರಳಿ, ಮಳೆಯ ದಾರಿ ನೋಡುತ್ತ ವ್ಯವಸಾಯ ಮಾಡಿ, ಸಾಲದಲ್ಲಿ ಮುಳುಗಿ ಎದ್ದ ಗೆಳೆಯನೊಬ್ಬ, “ನೀವೆಲ್ಲ ಏನೇನೋ ಆಗಿದ್ದೀರಪ್ಪಾ, ನಾನು ಬಂದು ಏನಂತ ಹೇಳ್ಕೊಳ್ಳಲಿ?” ಎಂದನು. ನಮ್ಮ ಸಮಾರಂಭಗಳು ಹಾರ, ಶಾಲು, ಪದವಿ, ಸಂಬಳಗಳ ಲೆಕ್ಕವನ್ನೇ ದೊಡ್ಡದು ಮಾಡಿ ಇಂಥವರನ್ನು ಬಾಗಿಲಾಚೆಗೆ ನಿಲ್ಲಿಸಿವೆಯೆಂಬುದು ಸತ್ಯ. ವಸ್ತುತಃ ಬತ್ತಿದ ಬಾವಿಯನ್ನೂ ಬಿದ್ದ ಬೆಲೆಯನ್ನೂ ಸಹಿಸಿ, ಊರು ಬಿಡದೆ, ವೃದ್ಧರಾದ ತಂದೆತಾಯಿಗಳನ್ನು ನೋಡಿಕೊಂಡು, ಇದ್ದ ಎರಡು ಎಕರೆಯನ್ನು ಹಸುರಾಗಿಟ್ಟವನ ಬಳಿ ಇರುವ ವಾರ್ತೆಯೇ ನಮ್ಮೆಲ್ಲರ ವಾರ್ತೆಗಿಂತ ಬೆಲೆಯುಳ್ಳದ್ದು. ಈ ಸೀಮೆಯಲ್ಲಿ ಬಾಳುವುದು ಹೇಗೆಂಬುದನ್ನು ಅವನು ಬಲ್ಲನು, ಬಿಟ್ಟುಹೋದ ನಾವು ಬಲ್ಲೆವೆನ್ನಲಾರೆವು.

ಆದುದರಿಂದ ನನ್ನ ಸಹಪಾಠಿಗಳಲ್ಲಿ ಇದೊಂದು ಪ್ರಾರ್ಥನೆ. ಹೇಳಿಕೊಳ್ಳಲು ಏನೂ ಇಲ್ಲವೆನ್ನುವವರು ಮೊದಲು ಬನ್ನಿ. ಬರಲಾಗದವರು ನಿಮ್ಮ ಊರು, ಕಸುಬು, ಕೆರೆ, ಬೆಳೆಗಳ ವಿಷಯವಾಗಿ ಎರಡು ಪುಟ ಬರೆದು ಕಳುಹಿಸಿ. ಕೈ ನಡುಗುವವರು ಮೊಮ್ಮಕ್ಕಳಿಂದ ಬರೆಯಿಸಿ. ಅವನ್ನೆಲ್ಲ ಸೇರಿಸಿ ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸುವ ಹೊಣೆ ನಮ್ಮದು. ಈ ಲೇಖನವನ್ನು ಓದುವ ಇತರರಿಗೂ ನಾನು ಹೇಳುವುದು ಇಷ್ಟೇ: ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳಲ್ಲಿ ಒಂದನ್ನಾದರೂ ಈ ವಾರ ಹುಡುಕಿ ಕ್ಷೇಮ ವಿಚಾರಿಸಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.