ಗೋಕಾವಿಯಿಂದ ಕಡಲ ತಡಿಗೆ

ಗೋಕಾವಿಯ ಸೀಮೆಯವರಾದ ನಮಗೆ ನೀರಿನ ವೈಭವವು ಹೊಸದಲ್ಲ. ಮಳೆಗಾಲದಲ್ಲಿ ಘಟಪ್ರಭೆಯು ಸುಮಾರು 170 ಅಡಿ ಕೆಳಕ್ಕೆ ಧುಮುಕುವುದನ್ನು ಕಾಣುತ್ತಲೇ ನಾವು ಬೆಳೆದಿದ್ದೇವೆ. ಗೊಡಚಿನಮಲ್ಕಿಯಲ್ಲಿ ಎರಡು ಹಂತವಾಗಿ ಇಳಿಯುವ ಮಾರ್ಕಂಡೇಯ ನದಿಯನ್ನೂ, ಹಿಡಕಲ್ಲಿನಲ್ಲಿ ತುಂಬಿ ನಿಂತ ಜಲಾಶಯವನ್ನೂ ನೋಡದವರು ನಮ್ಮಲ್ಲಿ ವಿರಳ. ಆದರೂ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಊರುಗಳಲ್ಲಿ ಕಡಲನ್ನು ಒಮ್ಮೆಯೂ ಕಾಣದೆಯೇ ಮುಪ್ಪನ್ನು ಮುಟ್ಟಿದವರು ಇಂದಿಗೂ ಇದ್ದಾರೆ. ಪಂಢರಪುರ, ಸವದತ್ತಿ, ಶ್ರೀಶೈಲಗಳ ಯಾತ್ರೆಯನ್ನು ಮಾಡಿ ಪುಣ್ಯವನ್ನು ಗಳಿಸಿದ ಹಿರಿಯ ತಾಯಂದಿರು ಮೊಮ್ಮಕ್ಕಳನ್ನು ಕೂಡಿಸಿಕೊಂಡು, “ಸಮುದ್ರ ಅಂದ್ರ ಹ್ಯಾಂಗಿರತೈತಿ?” ಎಂದು ಕೇಳುವುದನ್ನು ನಾವು ಕೇಳಿದ್ದೇವೆ. ಅಂಥವರಿಗೆ ಒಮ್ಮೆ ಕಡಲನ್ನು ತೋರಿಸುವುದು ಮನೆಯ ಯಜಮಾನನ ಕೈಗೆ ಮೀರಿದ ಕಾರ್ಯವಲ್ಲ. ಅದಕ್ಕೆ ಮೂರು ದಿನಗಳ ಬಿಡುವೂ ಸ್ವಲ್ಪ ಪೂರ್ವಾಲೋಚನೆಯೂ ಸಾಕು.

ಸಂಸ್ಕೃತದಲ್ಲಿ ಸಮುದ್ರಕ್ಕೆ ‘ಸರಿತ್ಪತಿ’ ಎಂಬುದೊಂದು ಹೆಸರು. ನದಿಗಳ ಒಡೆಯನೆಂದು ಅರ್ಥ. ನಮ್ಮ ಘಟಪ್ರಭೆಯಾದರೋ ಪಶ್ಚಿಮ ಸಮುದ್ರಕ್ಕೆ ಅಷ್ಟೇನೂ ದೂರವಲ್ಲದ ಸಹ್ಯಾದ್ರಿಯಲ್ಲಿ ಹುಟ್ಟಿಯೂ ಅದಕ್ಕೆ ಬೆನ್ನು ಮಾಡಿ, ಸುಮಾರು 283 ಕಿಲೋಮೀಟರ್ ಪೂರ್ವಕ್ಕೆ ಹರಿದು, ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿ, ಪರನಾಡಿನಲ್ಲಿ ಪೂರ್ವ ಸಮುದ್ರವನ್ನು ಸೇರುತ್ತಾಳೆ. ನದಿಯು ಬೆನ್ನು ಮಾಡಿದಳೆಂದು ಅವಳ ದಡದ ಮಕ್ಕಳಾದ ನಾವೂ ಹಾಗೆಯೇ ಇರಬೇಕೆಂಬ ನಿಯಮವಿಲ್ಲ. ಬೆಳಗಿನ ಜಾವಕ್ಕೆ ಗೋಕಾಕವನ್ನು ಬಿಟ್ಟರೆ ಸೂರ್ಯನು ಮುಳುಗುವ ಮೊದಲು ಕಾರವಾರದ ಮರಳಿನ ಮೇಲೆ ನಿಲ್ಲಬಹುದು.

ಪ್ರವಾಸಗಳು ಕೆಡುವುದು ಸಾಮಾನ್ಯವಾಗಿ ಹಣದ ಕೊರತೆಯಿಂದಲ್ಲ, ಆಸೆಯ ಅತಿಶಯದಿಂದ. ಮೂರು ದಿನಗಳಲ್ಲಿ ಕಾರವಾರ, ಗೋಕರ್ಣ, ಮುರ್ಡೇಶ್ವರ, ಇಡಗುಂಜಿ, ಜೋಗ, ಶಿರಸಿ ಎಂದು ಪಟ್ಟಿ ಬೆಳೆಯುತ್ತದೆ. ಕೊನೆಗೆ ಮನೆಯ ಮಂದಿಯೆಲ್ಲ ಗಾಡಿಯ ಕಿಟಕಿಯಿಂದ ತೆಂಗಿನ ಮರಗಳನ್ನು ನೋಡಿ ಮರಳುತ್ತಾರೆ. ಆದುದರಿಂದ ನಮ್ಮ ಸೂಚನೆ ಇಷ್ಟೇ: ಊರು ಒಂದು, ರಾತ್ರಿ ಎರಡು, ಹಗಲು ಮೂರು. ಮನೆಯ ಹಿರಿಯರು ಮಹಾಬಲೇಶ್ವರನ ದರ್ಶನವು ಆಗಲೇಬೇಕೆಂದರೆ ಗೋಕರ್ಣವನ್ನು ಸೇರಿಸಿಕೊಳ್ಳಬಹುದು. ಆದರೆ ಆಗ ಬೇರೊಂದನ್ನು ಬಿಡುವ ಮನಸ್ಸು ಮಾಡತಕ್ಕುದು.

ಇನ್ನು ಕಾಲದ ವಿಚಾರ. ಜಲಪಾತಕ್ಕೆ ಮಳೆಗಾಲವು ಸುಕಾಲ. ಕಡಲಿಗೆ ಅದೇ ಅಕಾಲ. ಗೋಕಾಕದಲ್ಲಿ ವರ್ಷವಿಡೀ ಬೀಳುವ ಮಳೆಯ ಹಲವು ಪಟ್ಟು ಕಾರವಾರದಲ್ಲಿ ಮಳೆಗಾಲವೊಂದರಲ್ಲೇ ಸುರಿಯುತ್ತದೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ಸರಕಾರದ ನಿಷೇಧವೇ ಇರುತ್ತದೆ. ಘಟ್ಟದ ದಾರಿಗಳೂ ಆಗ ನಂಬಿಕೆಗೆ ಅರ್ಹವಲ್ಲ. 2024ರ ಜುಲೈ 16ರಂದು ಅಂಕೋಲೆಯ ಸಮೀಪದ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆಯೇ ಜರಿದು ಜೀವಹಾನಿಯಾದುದು ಎಲ್ಲರ ನೆನಪಿನಲ್ಲಿದೆ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲವು ಉತ್ತಮ. ಅದರಲ್ಲಿಯೂ ಡಿಸೆಂಬರದ ಕೊನೆಯ ವಾರದ ಜನಸಂದಣಿಯನ್ನು ಬಿಟ್ಟರೆ ಒಳ್ಳೆಯದು. ಕಬ್ಬಿನ ಕಟಾವು ನಡೆದಿರುವ ಮನೆಯವರು ತಮ್ಮ ಪಾಳಿಯನ್ನು ನೋಡಿಕೊಂಡು ದಿನವನ್ನು ಗೊತ್ತುಮಾಡಬೇಕು.

ತಿಂಗಳನ್ನು ಗೊತ್ತುಮಾಡಿದ ಬಳಿಕ ಪಂಚಾಂಗವನ್ನು ತೆರೆಯಬೇಕು. ಇದು ಮುಹೂರ್ತಕ್ಕಾಗಿ ಅಲ್ಲ, ಸಮುದ್ರಕ್ಕಾಗಿ. ಕಡಲು ದಿನಕ್ಕೆ ಎರಡು ಸಾರಿ ಏರಿ ಎರಡು ಸಾರಿ ಇಳಿಯುತ್ತದೆ. ಈ ಏರಿಳಿತದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಚಂದ್ರಸೂರ್ಯರ ಸೆಳೆತವು ಒಂದೇ ರೇಖೆಯಲ್ಲಿ ಕೂಡುವ ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಉಬ್ಬರವೂ ಹಿರಿದು, ಇಳಿತವೂ ಹಿರಿದು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಸೌಮ್ಯ. ಹುಣ್ಣಿಮೆಯ ಹೊತ್ತಿನಲ್ಲಿ ನೋಟವು ಚೆಲುವಾದರೂ ನೀರಿನ ಎಳೆತವು ಬಲವಾಗಿರುತ್ತದೆಂಬುದನ್ನು ಮರೆಯಲಾಗದು. ಚಿಕ್ಕ ಮಕ್ಕಳಿರುವ ಮನೆಗೆ ಅಷ್ಟಮಿಯ ಹಿಂದುಮುಂದಿನ ದಿನಗಳೇ ಹಿತ. ಸಮುದ್ರಸ್ನಾನಕ್ಕೆ ಪರ್ವದಿನವೇ ಆಗಬೇಕೆನ್ನುವ ಹಿರಿಯರು ಅಂದು ತೆರೆಯೊಳಗೆ ಇಳಿಯದೆ, ಒದ್ದೆ ಮರಳಿನ ಮೇಲೆ ಕುಳಿತು ತಂಬಿಗೆಯಿಂದ ನೀರು ಹಾಕಿಸಿಕೊಂಡರೆ ಪುಣ್ಯಕ್ಕೇನೂ ಲೋಪವಾಗದು.

ಮೊದಲನೆಯ ದಿನ ದಾರಿ. ಯರಗಟ್ಟಿ, ಸವದತ್ತಿ, ಧಾರವಾಡ, ಕಲಘಟಗಿಗಳ ಮೇಲೆ ಯಲ್ಲಾಪುರವನ್ನು ಸೇರಿ, ಅರಬೈಲ ಘಟ್ಟವನ್ನಿಳಿದು, ಅಂಕೋಲೆಯಿಂದ ಕಾರವಾರಕ್ಕೆ ಹೋಗುವುದು ಸುಗಮ. ರೈಲಿನ ಮೋಹವುಳ್ಳವರು ಘಟಪ್ರಭಾ ನಿಲ್ದಾಣದಿಂದ ಲೋಂಢೆಯ ಮಾರ್ಗವಾಗಿ ದೂಧಸಾಗರದ ಘಟ್ಟವನ್ನಿಳಿದು, ಮಡಗಾಂವದಲ್ಲಿ ಕೊಂಕಣ ರೈಲನ್ನು ಹಿಡಿದು ಕಾರವಾರವನ್ನು ಸೇರಬಹುದು. ಈ ದಾರಿಯ ನೋಟವು ಬಹು ರಮಣೀಯ. ಆದರೆ ಗಾಡಿ ಬದಲಿಸುವ ತೊಡಕಿರುವುದರಿಂದ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಬೇಕು. ರಸ್ತೆಯಲ್ಲಿ ಹೋಗುವವರು ಯಲ್ಲಾಪುರವನ್ನು ದಾಟುತ್ತಲೇ ಕರಿಮಣ್ಣಿನ ಹೊಲಗಳು ಹಿಂದೆ ಉಳಿದು, ಮುಗಿಲು ಮುಟ್ಟುವ ಕಾಡು ಎದುರಾಗುವುದನ್ನು ಮಕ್ಕಳಿಗೆ ತೋರಿಸಬೇಕು. ಭೂಗೋಲದ ಪಾಠವು ಪುಸ್ತಕದಲ್ಲಿ ಇಷ್ಟು ಸ್ಪಷ್ಟವಾಗಿ ಎಲ್ಲಿಯೂ ಇಲ್ಲ. ಕಾರವಾರವನ್ನು ಮುಟ್ಟಿದೊಡನೆ ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ, ಗಂಟುಮೂಟೆಗಳನ್ನು ಇರಿಸಿ, ನೇರವಾಗಿ ತೀರಕ್ಕೆ ನಡೆಯತಕ್ಕುದು. ಸೂರ್ಯನು ಗುಡ್ಡದ ಹಿಂದೆ ಮರೆಯಾಗುವುದನ್ನಷ್ಟೇ ಬಲ್ಲ ನಮ್ಮವರಿಗೆ ಅವನು ನೀರಿನಲ್ಲಿ ಇಳಿಯುವ ನೋಟವೊಂದೇ ಮೊದಲ ದಿನಕ್ಕೆ ಸಾಕು.

ಎರಡನೆಯ ದಿನ ಊರಿನ ದಿನ. ಬೆಳಗಿನ ತಂಪಿನಲ್ಲಿ ನಡೆಯುವ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರರು ಬಂದು ಕೆಲವು ಕಾಲ ತಂಗಿದ್ದರು. 1884ರಲ್ಲಿ ಪ್ರಕಟವಾದ ‘ಪ್ರಕೃತಿರ ಪ್ರತಿಶೋಧ’ವೆಂಬ ನಾಟಕವನ್ನು ಬರೆದುದು ಇಲ್ಲಿಯೇ. ಸಂಸಾರವನ್ನು ಗೆದ್ದೆನೆಂದು ಬೀಗುವ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲಿಕೆಯೊಬ್ಬಳ ಮಮತೆಯು ಮರಳಿ ಲೋಕಕ್ಕೆ ಎಳೆತರುವುದು ಅದರ ಕಥೆ. ಮಕ್ಕಳು ಮೊಮ್ಮಕ್ಕಳ ಕೈ ಹಿಡಿದು ಆ ಮರಳಿನ ಮೇಲೆ ನಡೆಯುವ ಗೃಹಸ್ಥರಿಗೆ ಅದರ ತಾತ್ಪರ್ಯವನ್ನು ವಿವರಿಸಬೇಕಾಗಿಲ್ಲ. ಅದೇ ತೀರದಲ್ಲಿ ‘ಚಪಲ್’ ಎಂಬ ಯುದ್ಧನೌಕೆಯನ್ನು ದಡಕ್ಕೆ ತಂದು ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಚಂಚಲವೆಂಬ ಅರ್ಥದ ಹೆಸರನ್ನು ಹೊತ್ತು ಅದು ಈಗ ಅಚಲವಾಗಿ ನಿಂತಿದೆ. ಬಾಲಕರಿಗೆ ಇದರ ಒಳಭಾಗವನ್ನು ನೋಡುವುದು ಮಹದಾನಂದ.

ಮಧ್ಯಾಹ್ನದ ಬಿಸಿಲಿನಲ್ಲಿ ವಿಶ್ರಮಿಸಿ, ಇಳಿಹೊತ್ತಿಗೆ ಕಾಳೀ ನದಿಯ ಕಡೆಗೆ ಹೋಗಬೇಕು. ಜೋಯಿಡಾ ಸೀಮೆಯ ಡಿಗ್ಗಿಯ ಬಳಿ ಹುಟ್ಟಿ ಸುಮಾರು 184 ಕಿಲೋಮೀಟರ್ ಹರಿದ ಈ ನದಿಯು ಇಲ್ಲಿ ಸಮುದ್ರವನ್ನು ಕೂಡುತ್ತದೆ. ಇದರ ಹಳೆಯ ಸೇತುವೆಯು 2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕುಸಿಯಿತು. ಪಕ್ಕದ ಹೊಸ ಸೇತುವೆಯು ಉಳಿಯಿತು. ಆಚೆಯ ದಡದಲ್ಲಿ ಸೋದೆಯ ಅರಸರ ಕಾಲದ ಸದಾಶಿವಗಡವಿದೆ. ಕಾಲಿನಲ್ಲಿ ಶಕ್ತಿಯುಳ್ಳವರು ಗುಡ್ಡವನ್ನೇರಿದರೆ ನದಿಯ ಸಿಹಿನೀರೂ ಕಡಲಿನ ಉಪ್ಪುನೀರೂ ಸಂಧಿಸುವ ಠಾವನ್ನು ಕಣ್ಣುತುಂಬ ಕಾಣಬಹುದು. ಸರಿತ್ಪತಿಯೆಂಬ ಹೆಸರು ಎಷ್ಟು ವರ್ಷ ಬಾಯಿಪಾಠ ಮಾಡಿದರೂ ತಿಳಿಯದ್ದು ಅಲ್ಲಿ ನಿಂತ ಗಳಿಗೆಯಲ್ಲಿ ತಿಳಿಯುತ್ತದೆ.

ಮೂರನೆಯ ದಿನ ಬೆಳಗ್ಗೆ ಇನ್ನೊಮ್ಮೆ ತೀರಕ್ಕೆ ಹೋಗಿ, ಬಲೆ ಎಳೆಯುವವರ ಕೆಲಸವನ್ನು ನೋಡಿ, ಹೊತ್ತೇರುವ ಮುನ್ನ ಹೊರಡಬೇಕು. ಹಾದಿಯಲ್ಲಿ ಸಿಕ್ಕುವ ಅಂಕೋಲೆಯಲ್ಲಿ 1930ರ ಏಪ್ರಿಲದಲ್ಲಿ ಉಪ್ಪಿನ ಸತ್ಯಾಗ್ರಹವು ನಡೆಯಿತೆಂಬುದನ್ನು ಮಕ್ಕಳಿಗೆ ಹೇಳಲು ಮರೆಯಬಾರದು. ಅಡುಗೆಮನೆಯ ಉಪ್ಪಿಗೂ ದೇಶದ ಸ್ವಾತಂತ್ರ್ಯಕ್ಕೂ ಇರುವ ಸಂಬಂಧವು ಅವರಿಗೆ ಆ ಊರಿನಲ್ಲಿ ಬೇಗನೆ ಮನಗಾಣುತ್ತದೆ.

ಇಷ್ಟು ಸುಖದ ಮಾತಾಯಿತು. ಎಚ್ಚರದ ಮಾತು ಇದಕ್ಕಿಂತ ಮುಖ್ಯ. ಬಯಲುಸೀಮೆಯವರಾದ ನಾವು ಹೊಳೆಯನ್ನು ಬಲ್ಲೆವು, ಕಡಲನ್ನು ಅರಿಯೆವು. ಹೊಳೆಗೆ ನೆರೆ ಬಂದರೆ ದೂರದಿಂದಲೇ ತಿಳಿಯುತ್ತದೆ. ಕಡಲಾದರೋ ಮೊಣಕಾಲು ಮಟ್ಟದಲ್ಲಿ ಆಡುತ್ತ ಆಡುತ್ತ ಕಾಲ ಕೆಳಗಿನ ಮರಳನ್ನೇ ಸೆಳೆದುಕೊಳ್ಳುತ್ತದೆ. 2024ರ ಡಿಸೆಂಬರದಲ್ಲಿ ಮುರ್ಡೇಶ್ವರದ ತೀರದಲ್ಲಿ ಅಸುನೀಗಿದ ನಾಲ್ವರು ವಿದ್ಯಾರ್ಥಿನಿಯರು ದೂರದ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದವರು. 2019ರ ಜನವರಿಯಲ್ಲಿ ಕಾರವಾರದ ಎದುರಿನ ಕೂರ್ಮಗಡದ ನರಸಿಂಹನ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು ಮಗುಚಿ ಹದಿನೈದಕ್ಕೂ ಹೆಚ್ಚು ಜನರು ತೀರಿಕೊಂಡರು; ಅವರಲ್ಲಿಯೂ ಘಟ್ಟದ ಮೇಲಿನವರಿದ್ದರು. ಆದುದರಿಂದ ನದಿಯ ಮುಖದ ಬಳಿ ಸ್ನಾನಕ್ಕೆ ಇಳಿಯಲಾಗದು. ಕೆಂಪು ಬಾವುಟವಿದ್ದಲ್ಲಿ ಕಾಲಿಡಲಾಗದು. ಸ್ಥಳದ ಮೀನುಗಾರರು ಬೇಡವೆಂದರೆ ವಾದಿಸಲಾಗದು. ದೋಣಿಯನ್ನೇರುವವರು ತೇಲುಅಂಗಿಯನ್ನು ತೊಟ್ಟೇ ಏರಬೇಕು. ಜನ ತುಂಬಿದ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯಬೇಕು. ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ಹಿರಿಯರೊಬ್ಬರು ಫೋಟೋದ ಗೊಡವೆಗೆ ಹೋಗದೆ ಅವರನ್ನೇ ನೋಡುತ್ತ ನಿಂತಿರಬೇಕು. ಯಾರು ನಿಲ್ಲುವರೆಂಬುದನ್ನು ಮನೆಯಲ್ಲಿಯೇ ಗೊತ್ತುಮಾಡುವುದು ಲೇಸು.

ಗಂಟು ಕಟ್ಟುವಾಗ ಉಣ್ಣೆಯ ಬಟ್ಟೆಗಳನ್ನು ಘಟ್ಟದ ಮೇಲಿನ ಚಳಿಗೆಂದು ಒಂದೊಂದೇ ಇಟ್ಟು, ಹತ್ತಿಯ ಬಟ್ಟೆಗಳನ್ನು ಹೆಚ್ಚಾಗಿ ಒಯ್ಯಬೇಕು. ಕರಾವಳಿಯಲ್ಲಿ ಚಳಿಗಾಲದಲ್ಲಿಯೂ ಬೆವರು ತಪ್ಪದು. ಅಲ್ಲಿ ಕುಚ್ಚಲಕ್ಕಿಯ ಅನ್ನ, ತೆಂಗಿನಕಾಯಿಯ ಅಡುಗೆ. ರೊಟ್ಟಿಯಿಲ್ಲದೆ ಊಟವೇ ಅಲ್ಲವೆನ್ನುವವರಿಗಾಗಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳ ಗಂಟೊಂದಿರಲಿ. ದಾರಿಯ ಹಸಿವಿಗೆ ಊರಿನ ಕರದಂಟಿರಲಿ. ಮೊಣಕಾಲು ನೋವಿನ ಹಿರಿಯರಿಗೆ ಒಣ ಮರಳು ಪ್ರಯಾಸಕರ. ನೀರು ಇಳಿದಾಗ ಗಟ್ಟಿಯಾಗುವ ಒದ್ದೆ ಮರಳಿನ ಮೇಲೆ ಅವರನ್ನು ನಡೆಸಬೇಕು.

ಮುಂದಿನ ವರ್ಷ ನೋಡೋಣವೆಂಬ ಮಾತು ಎಳೆಯರಿಗೆ ಸಲ್ಲುತ್ತದೆ. ಎಪ್ಪತ್ತು ದಾಟಿದವರಿಗೆ ಪ್ರತಿಯೊಂದು ಚಳಿಗಾಲವೂ ಎಣಿಕೆಯದು. ಮೊಮ್ಮಕ್ಕಳಿಗೆ ಕಡಲನ್ನು ಕಾಣಲು ಇನ್ನೂ ಹತ್ತು ಸಂದರ್ಭಗಳು ಒದಗಿಯಾವು; ಅಜ್ಜಿಗೆ ಒದಗಲಾರವು. ಆದುದರಿಂದ ಈ ದೀಪಾವಳಿಯ ಪಾಡ್ಯದಂದು ಮನೆಮಂದಿಯೆಲ್ಲ ಕೂಡಿದಾಗಲೇ ಪಂಚಾಂಗವನ್ನು ತೆರೆದು, ಕಾರ್ತಿಕದಲ್ಲೋ ಮಾರ್ಗಶಿರದಲ್ಲೋ ಒಂದು ಅಷ್ಟಮಿಯನ್ನು ಆರಿಸಿ, ಆ ದಿನವನ್ನು ಮನೆಯ ಹಿರಿಯಳ ಬಾಯಿಂದಲೇ ಹೇಳಿಸಿರಿ. ಅವಳು ಹೇಳಿದ ದಿನವನ್ನು ಮುಂದೂಡುವ ಧೈರ್ಯವು ಆ ಮನೆಯಲ್ಲಿ ಯಾರಿಗೂ ಇರುವುದಿಲ್ಲ.